ಖಾಲಿ ಹೊಟ್ಟೆಯ ಕಂಠ

ನಮ್ಮಣ್ಣನ ಕಂಠ ಎಷ್ಟು ಚೆನ್ನಾಗಿದೆ ಎಂದು ತಿಳಿಯಬೇಕಾದರೆ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವನನ್ನೇ ಕೇಳಿದರೆ ಸಾಕು, ಅರ್ಧ ದಿನ ಹೇಳುತ್ತಾನೆ. ಕೇಳದಿದ್ದರೂ ಹೇಳುತ್ತಾನೆ. ಪುಸ್ತಕಗಳನ್ನು ಗಟ್ಟಿಯಾಗಿ ಓದುವುದು ಅವನ ಕೆಲಸ. ಅಡುಗೆ ಮಾಡುತ್ತಾ, ಬಟ್ಟೆ ಮಡಚುತ್ತಾ, ಕಾರು ಓಡಿಸುತ್ತಾ ಕಾದಂಬರಿ ಕೇಳುವ ಜನ ಈಗ ಬಹಳ ಇದ್ದಾರಲ್ಲ, ಅವರ ಕಿವಿಗೆ ಹೋಗುವ ದನಿ ಇವನದು. ಅದನ್ನು ರೆಕಾರ್ಡು ಮಾಡಿ, ಕೆಮ್ಮು ಕ್ಯಾಕರಿಕೆಗಳನ್ನೆಲ್ಲ ಕತ್ತರಿಸಿ, ಮನುಷ್ಯರು ಕೇಳುವ ಹಾಗೆ ಮಾಡಿ ಕೊಡುವವಳು ಅವನ ತಂಗಿ, ಅಂದರೆ ನಾನು. ನನ್ನ ಬಗ್ಗೆ ಅವನು ಎಲ್ಲಿಯೂ ಏನೂ ಹೇಳುವುದಿಲ್ಲ.

ಮನೆಯ ಕೆಳಗಿನ ಸಾಮಾನು ಕೋಣೆಯನ್ನೇ ನಾವು ಸ್ಟುಡಿಯೋ ಮಾಡಿಕೊಂಡಿದ್ದೇವೆ. ಗೋಡೆಗೆಲ್ಲ ದಪ್ಪ ಸ್ಪಂಜು, ಮಧ್ಯೆ ಎರಡು ಪದರದ ಗಾಜು. ಆ ಕಡೆ ಅವನು, ಒಂದು ಮೈಕು, ಒಂದು ಕುರ್ಚಿ, ಪುಸ್ತಕ ಇಡುವ ಓರೆ ಹಲಗೆ. ಈ ಕಡೆ ನಾನು, ನನ್ನ ಯಂತ್ರ, ಅವನೊಡನೆ ಮಾತಾಡಲು ಒತ್ತುವ ಗುಂಡಿ, ಕಿವಿಗೆ ಹೆಡ್‌ಫೋನು. ಆ ಮೈಕಿಗೆ ದಾಕ್ಷಿಣ್ಯ ಎನ್ನುವುದೇ ಇಲ್ಲ. ಅಂಗಿಯ ಕಾಲರು ಕತ್ತಿಗೆ ಉಜ್ಜಿದರೆ ಕೇಳುತ್ತದೆ, ಮಂಡಿ ಲಟಕ್ಕೆಂದರೆ ಕೇಳುತ್ತದೆ, ನಾಲಗೆ ಅಂಗುಳಿನಿಂದ ಬಿಡಿಸಿಕೊಳ್ಳುವುದೂ ಕೇಳುತ್ತದೆ. ಹೆಂಡತಿಗೆ ಗೊತ್ತಿಲ್ಲದ ಅಣ್ಣ ನನಗೆ ಗೊತ್ತು. ಗೊತ್ತಿರದಿದ್ದರೇ ಚೆನ್ನಾಗಿತ್ತು.

ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಮನೆಯಲ್ಲಿ ನಾಟಕವೇ ನಡೆಯಿತು. ಅತ್ತಿಗೆ ಅತ್ತರು. ಅಣ್ಣ, ಸಾವಿನ ಮುಂದೆ ನಿಂತ ರಾಜನ ಹಾಗೆ, ಎದೆಯಿಂದ ದನಿ ತೆಗೆದು, "ಇರಲಿ, ಬಂದದ್ದನ್ನು ಸ್ವೀಕರಿಸೋಣ" ಎಂದ. ಬಂದದ್ದು ಒಂದು ಸಾಮಾನ್ಯ ಬಿಳಿ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು, ಊಟದ ಜೊತೆ. ಡಾಕ್ಟರು ಹೇಳಿದ್ದು ಅಷ್ಟೇ. ಅದನ್ನು ಕೇಳಿಸಿಕೊಳ್ಳಲು ಬಂಗಾರದ ಕಂಠವೇನೂ ಬೇಕಿರಲಿಲ್ಲ, ಎರಡು ಕಿವಿ ಸಾಕಿತ್ತು.

ಆದರೆ ಈ ಓದುವವರ ಜಾತಿಯೇ ಬೇರೆ. ಅವರಲ್ಲೊಂದು ನಂಬಿಕೆ ಇದೆ: ಹೊಟ್ಟೆ ತುಂಬಿದ್ದರೆ ಅದು ಮೇಲೆ ಒತ್ತುತ್ತದೆ, ಉಸಿರು ಮೋಟಾಗುತ್ತದೆ, ವಾಕ್ಯದ ನಡುವೆ ತೇಗು ಬರುತ್ತದೆ. ಹೀಗಾಗಿ ಓದುವುದೇನಿದ್ದರೂ ಖಾಲಿ ಹೊಟ್ಟೆಯಲ್ಲಿ. ಅಣ್ಣನಿಗೆ ಇದನ್ನು ಹೇಳಿಕೊಟ್ಟವರು ಅವನ ಗುರುಗಳು, ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ವಾರ್ತೆ ಹತ್ತು ನಿಮಿಷ ಇರುತ್ತಿತ್ತು. ಹತ್ತು ನಿಮಿಷ ಯಾರು ಬೇಕಾದರೂ ಹಸಿದಿರಬಹುದು. ನಮ್ಮವನು ಮಾತ್ರ ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೂ ಒಂದು ಲೋಟ ಕಪ್ಪು ಕಾಫಿಯಲ್ಲಿ ಓದಿ, ಆಮೇಲೆ ಮೇಲೆ ಹತ್ತಿ, ಅತ್ತಿಗೆ ಕರಿದಿಟ್ಟದ್ದನ್ನೆಲ್ಲ ಬರಗೆಟ್ಟವನ ಹಾಗೆ ತಿನ್ನುವವನು. ಈಗ ಆ ಕಾಫಿಯ ಜೊತೆಗೆ ಮಾತ್ರೆಯೂ ಸೇರಿತು.

"ಊಟದ ಜೊತೆ ಅಂದ್ರಲ್ಲ ಡಾಕ್ಟರು?" ಎಂದು ಕೇಳಿದೆ.

"ಬೆಳಿಗ್ಗೆ ನನಗೆ ಕಾಫೀನೇ ಊಟ" ಎಂದ. ಮುಗಿಯಿತು.

ಅದೇ ಸಮಯಕ್ಕೆ ಅವನಿಗೊಂದು ದೊಡ್ಡ ಕೆಲಸ ಬಂದಿತ್ತು. ಒಂದು ಮನೆತನದ ಕಥೆ ಹೇಳುವ ದಪ್ಪ ಕಾದಂಬರಿ. ಅಜ್ಜಿಯಿಂದ ಮರಿಮಗಳವರೆಗೆ ಎಲ್ಲರ ದನಿಯನ್ನೂ ಒಬ್ಬನೇ ತೆಗೆಯಬೇಕು. ಇಂಥ ಪುಸ್ತಕಕ್ಕಾಗಿ ಅವನು ಎಷ್ಟೋ ವರ್ಷಗಳಿಂದ ಕಾದಿದ್ದ. ಅಲ್ಲಿಯವರೆಗೆ ಅವನಿಗೆ ಸಿಗುತ್ತಿದ್ದದ್ದು ಮನಸ್ಸನ್ನು ಹತೋಟಿಯಲ್ಲಿಡುವುದು ಹೇಗೆ, ಹಿತ್ತಲಲ್ಲಿ ಟೊಮೇಟೊ ಬೆಳೆಯುವುದು ಹೇಗೆ, ಇಂಥವು. ಮನಸ್ಸು ಹತೋಟಿಗೆ ಬರಲಿಲ್ಲ, ಟೊಮೇಟೊ ನಾವು ಬೆಳೆಯಲಿಲ್ಲ. ಈ ಕಾದಂಬರಿ ಸಿಕ್ಕಿದ ದಿನ ಮಾತ್ರ ಅವನು ಬೀದಿಯಲ್ಲಿ ಪರಿಚಯವಿಲ್ಲದವರಿಗೂ ನಮಸ್ಕಾರ ಹೇಳಿಕೊಂಡು ಬಂದ.

ಮೊದಲ ಸದ್ದು ಬಂದದ್ದು ಅಜ್ಜಿ ಸಾಯುವ ಅಧ್ಯಾಯದಲ್ಲಿ. ಅಜ್ಜಿ ಮೊಮ್ಮಗಳ ಕೈ ಹಿಡಿದಿದ್ದಾಳೆ. ಅಣ್ಣ ದನಿಯನ್ನು ಇಳಿಸಿ ಇಳಿಸಿ ತಂದು, ಒಂದು ಮೌನಕ್ಕೆ ನಿಲ್ಲಿಸಿದ. ಆ ಮೌನದೊಳಗೆ ನನ್ನ ಹೆಡ್‌ಫೋನಿನಲ್ಲಿ, ಗುಹೆಯೊಳಗಿನಿಂದ ಬಂಡೆ ಉರುಳಿ ನೀರಿಗೆ ಬಿದ್ದ ಹಾಗೆ: ಗುರ್ರ್ರ್... ಬೊಳಕ್.

ಯಂತ್ರ ನಿಲ್ಲಿಸಿದೆ. "ಅಣ್ಣಾ, ಏನದು?"

"ಯಾವುದು?"

"ನಿನ್ನ ಹೊಟ್ಟೆ."

"ಹೊರಗೆ ಲಾರಿ ಹೋಯ್ತು ಕಣೇ."

"ಲಾರಿ ನಿನ್ನ ಅಂಗಿ ಒಳಗಿಂದ ಹೋಯ್ತಾ?"

ಗಾಜಿನ ಆಚೆಯಿಂದ ನನ್ನನ್ನು ದುರುಗುಟ್ಟಿ ನೋಡಿದ. ಮತ್ತೆ ಓದಿದ. ಅಜ್ಜಿ ಮತ್ತೆ ಕೈ ಹಿಡಿದಳು, ಮತ್ತೆ ಬೊಳಕ್. ಮೂರನೆಯ ಸಲ ಅಜ್ಜಿ ಸಾಯುವ ಮೊದಲೇ ಅವನು ಪುಸ್ತಕ ಬಿಸಾಡಿ ಬಾಗಿಲಿಗೆ ಓಡಿದ. ನಮ್ಮ ಸ್ಟುಡಿಯೋಗೆ ಸದ್ದು ಒಳಗೆ ಬಾರದಂತೆ ಎರಡು ಬಾಗಿಲು ಇಟ್ಟಿದ್ದೇವೆ, ಎರಡೂ ಭಾರ, ಎರಡೂ ಬಿಗಿ. ಅವಸರದಲ್ಲಿರುವವನಿಗೆ ಅದು ಎಷ್ಟು ದೊಡ್ಡ ಶಿಕ್ಷೆ ಎಂದು ನನಗೆ ಅವತ್ತು ಗೊತ್ತಾಯಿತು.

ಅಲ್ಲಿಂದ ಮುಂದೆ ಅದೇ ದಿನಚರಿ. ಎರಡು ಪುಟ ಓದು, ಒಂದು ಓಟ. ಹೊಟ್ಟೆ ಉಬ್ಬರ, ಬಾಯಲ್ಲಿ ಲೋಹದ ರುಚಿ, ವಾಕರಿಕೆ. ಕಾದಂಬರಿಯ ಮದುವೆಯಲ್ಲಿ ಗುಡುಗು, ಕೋರ್ಟಿನಲ್ಲಿ ಗುಡುಗು, ಪ್ರೇಮಪತ್ರದಲ್ಲಂತೂ ಸಿಡಿಲೇ. ನಾನು ಕತ್ತರಿಸಿದಷ್ಟು ಕತ್ತರಿಸಿದೆ. ಆದರೆ ಮಾತಿನ ಕೆಳಗೇ ಗುಡುಗಿದರೆ ಎಲ್ಲಿ ಕತ್ತರಿಸಲಿ? ಮಾತೂ ಹೋಗುತ್ತದೆ.

ಪ್ರಕಾಶಕರು ಮೊದಲ ಕಂತು ಕೇಳಿ ಫೋನು ಮಾಡಿದರು. ಇವರು ಬಹಳ ಮರ್ಯಾದಸ್ಥರು, ಬೈಗುಳವನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿ ಕೊಡುವ ಜಾತಿ.

"ಮೇಡಂ, ತಪ್ಪು ತಿಳ್ಕೋಬೇಡಿ. ಈ ಕಥೇಲಿ ಎಲ್ಲಾದ್ರೂ ಹಂದಿ ಬರುತ್ತಾ?"

"ಇಲ್ಲ ಸಾರ್."

"ನಾನೂ ಹಾಗೇ ಅಂದ್ಕೊಂಡೆ. ಯಾಕೋ ಅಲ್ಲಲ್ಲಿ ಕೇಳಿಸ್ತಿದೆ."

ಕೊನೆಗೆ ಸುತ್ತಿದ ಕಾಗದ ಬಿಚ್ಚಿದರು: ಮುಂದಿನ ಕಂತೂ ಹೀಗೇ ಇದ್ದರೆ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ. ಬೇರೆಯವರೆಂದರೆ ಯಾರೆಂದು ಹೇಳಬೇಕಿರಲಿಲ್ಲ. ಈಚೆಗೆ ಒಬ್ಬ ಹೊಸಬ ಬಂದಿದ್ದಾನೆ, ನಾವು ಅವನನ್ನು ಜೇನುಗಂಟಲು ಎನ್ನುತ್ತೇವೆ. ಅಣ್ಣನ ಪ್ರಕಾರ ಅವನು ಶೋಕಸಂದೇಶ ಓದಿದರೂ ಸೋಪು ಮಾರಿದ ಹಾಗಿರುತ್ತದೆ. ಅದು ಹೊಟ್ಟೆಕಿಚ್ಚಿನ ಮಾತು, ಆದರೆ ಸುಳ್ಳಲ್ಲ.

"ಅವನು ನನ್ನ ಅಜ್ಜೀನ ಸಾಯಿಸ್ತಾನಾ?" ಎಂದು ಅಣ್ಣ ಕೇಳಿದ. ಆ ಹೊತ್ತು ಮಾತ್ರ ಅವನ ದನಿಯಲ್ಲಿ ನಟನೆ ಇರಲಿಲ್ಲ. ಪಾಪ ಎನಿಸಿತು. ಹೆಚ್ಚು ಹೊತ್ತಲ್ಲ.

ಏಕೆಂದರೆ ಅಷ್ಟರಲ್ಲಿ ಅತ್ತಿಗೆಯ ತಮ್ಮ ಬಂದ. ಇವನಿಗೆ ಬಚ್ಚಲುಮನೆ ಟೈಲ್ಸಿನ ಅಂಗಡಿ ಇದೆ. ಟೈಲ್ಸಿನ ಬಗ್ಗೆ ಕೇಳಿದರೆ "ಹುಡುಗರನ್ನು ಕೇಳಿ" ಎನ್ನುತ್ತಾನೆ, ಮೈಯೊಳಗಿನ ಯಾವ ಅಂಗದ ಬಗ್ಗೆ ಕೇಳಿದರೂ ತಾನೇ ಹೇಳುತ್ತಾನೆ. ಎಲ್ಲವೂ ಫೋನಿನಲ್ಲಿ ನೋಡಿದ್ದು. ನಾನು ಅವನಿಗೆ ಪಥ್ಯಭೂಷಣ ಎಂದು ಹೆಸರಿಟ್ಟಿದ್ದೇನೆ, ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಾನೆ.

"ಭಾವ, ನಿಮಗೆ ಬೇಕಾಗಿರೋದು ನಾರು. ನಾರು! ಹಸಿ ತರಕಾರಿ, ಮೊಳಕೆ ಕಾಳು, ಹೊಟ್ಟು. ಒಂದು ಬೋಗುಣಿ ಬೆಳಿಗ್ಗೆ, ಒಂದು ಸಂಜೆ."

"ಹೊಟ್ಟು ದನ ತಿನ್ನೋದಲ್ವೇನೋ?" ಎಂದರು ಅತ್ತಿಗೆ.

"ಅಕ್ಕಾ, ದನಕ್ಕೆ ಸಕ್ಕರೆ ಕಾಯಿಲೆ ಬಂದಿದ್ದು ನೋಡಿದ್ದೀಯಾ?"

ಅತ್ತಿಗೆ ಎದ್ದು ಹೋಗಿ ಬೋಗುಣಿ ತೊಳೆದಿಟ್ಟರು. ಬೆಳಗಿನ ಬೋಗುಣಿಯನ್ನು ಅಣ್ಣ ಒಪ್ಪಲಿಲ್ಲ, ಕಂಠ ನೋಡಿ. ಸಂಜೆ ಮಾತ್ರ ಒಂದೇ ಏಟಿಗೆ ಒಂದು ಬೋಗುಣಿ ಹಸಿ ಎಲೆಕೋಸು, ಮೊಳಕೆ ಕಾಳು, ಮೇಲೆ ಎರಡು ಹಿಡಿ ಹೊಟ್ಟು. ಮರುದಿನ ಸ್ಟುಡಿಯೋದಲ್ಲಿ ಗುಡುಗಿನ ಜೊತೆಗೆ ಗಾಳಿಯೂ ಎದ್ದಿತು. ಗಾಜು ಎರಡು ಪದರದ್ದು ಎಂಬುದಕ್ಕೆ ನಾನು ಜೀವನದಲ್ಲಿ ಮೊದಲ ಬಾರಿ ಕೈಮುಗಿದೆ.

ಅದಾದ ಮೇಲೆ ಯಾವುದೋ ಕಹಿ ರಸ. ಅದೂ ಖಾಲಿ ಹೊಟ್ಟೆಗೆ. ಅದಾದ ಮೇಲೆ ನಿಂಬೆರಸ. ಅದೂ ಖಾಲಿ ಹೊಟ್ಟೆಗೆ. ಲೋಕದ ಸಲಹೆಗಾರರಿಗೆಲ್ಲ ಆ ಒಂದು ಖಾಲಿ ಹೊಟ್ಟೆಯ ಮೇಲೇ ಕಣ್ಣು. ಅದಕ್ಕೆ ಒಂದು ತುಂಡು ಬ್ರೆಡ್ಡು ಹಾಕಿ ಎಂದು ಒಬ್ಬರೂ ಹೇಳಲಿಲ್ಲ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಬಂದು, ನೆಲದ ಮೇಲೆ ಮಲಗಿ ಕಾಲು ಗೋಡೆಗೆ ಎತ್ತಲು ಹೇಳಿ ಹೋದರು. ಅಣ್ಣ ಎತ್ತಿದ. ಕಾಲು ಇಳಿಸುವಾಗ ಸೊಂಟ ಹಿಡಿಯಿತು, ಹೊಟ್ಟೆ ಬಿಡಲಿಲ್ಲ.

ಆಮೇಲೆ ಒಂದು ದಿನ ಹೊಟ್ಟೆ ತಣ್ಣಗಾಯಿತು. ಸದ್ದಿಲ್ಲ, ಓಟವಿಲ್ಲ. ಅಣ್ಣ ಗಾಜಿನ ಆಚೆ ಸಿಂಹಾಸನದ ಮೇಲೆ ಕೂತ ಹಾಗೆ ಕೂತು ಇಡೀ ಅಧ್ಯಾಯ ಓದಿದ. ಪಥ್ಯಭೂಷಣ ಬಂದು, "ನಾರು ಕೆಲಸ ಮಾಡೋಕೆ ಸ್ವಲ್ಪ ಟೈಮ್ ತಗೊಳ್ಳುತ್ತೆ ಭಾವ" ಎಂದು ಅವನ ಬೆನ್ನನ್ನೂ ತನ್ನ ಬೆನ್ನನ್ನೂ ತಟ್ಟಿಕೊಂಡ.

ಕೆಲವು ದಿನ ಹೀಗೆ ಹೋಯಿತು. ಆಮೇಲೆ ನೋಡಿದರೆ ಅಣ್ಣ ಅಧ್ಯಾಯದ ನಡುವೆ ಮತ್ತೆ ಎದ್ದು ಹೋಗತೊಡಗಿದ, ಈ ಸಲ ಇನ್ನೊಂದು ಕಾರಣಕ್ಕೆ. ಚೊಂಬುಗಟ್ಟಲೆ ನೀರು ಕುಡಿಯುವುದು, ಚೊಂಬುಗಟ್ಟಲೆ ಹೊರಗೆ ಹಾಕುವುದು. ಓದಿದ ಸಾಲನ್ನೇ ಮತ್ತೆ ಓದುವುದು, ಕನ್ನಡಕ ತೆಗೆದು ಒರೆಸುವುದು, ಹಾಕಿಕೊಂಡು ಮತ್ತೆ ಒರೆಸುವುದು.

"ಅಕ್ಷರ ಯಾಕೋ ಒಂದಕ್ಕೊಂದು ಅಂಟ್ಕೊಂಡಿದೆ. ಪ್ರಿಂಟ್ ಸರಿ ಇಲ್ಲ" ಎಂದ.

"ಅಣ್ಣಾ, ಮಾತ್ರೆ ತಗೊಂಡ್ಯಾ ಇವತ್ತು?"

"ತಗೊಂಡೆ."

ಮೈಕಿನ ಮುಂದೆ ಕೂತು ಸುಳ್ಳು ಹೇಳಬಾರದು. ಹೇಳುವ ಮೊದಲು ನುಂಗಿದ ಉಗುಳೂ ನನಗೆ ಕೇಳಿಸುತ್ತದೆ.

"ಎಷ್ಟು ದಿನದಿಂದ ಬಿಟ್ಟಿದ್ದೀಯಾ?"

ಛಾವಣಿ ನೋಡಿದ. ಸ್ಪಂಜು ಲೆಕ್ಕ ಹಾಕಿದ. ಕೊನೆಗೆ, "ಪುಸ್ತಕ ಮುಗಿಯೋವರೆಗೆ ಅಷ್ಟೇ ಕಣೇ. ಆಮೇಲೆ ಶುರು ಮಾಡ್ತೀನಿ. ಕಾಯಿಲೆ ಎಲ್ಲಿಗೂ ಓಡಿಹೋಗಲ್ಲ, ಪುಸ್ತಕ ಓಡಿಹೋಗುತ್ತೆ" ಎಂದ.

"ಕಣ್ಣೂ ಓಡಿಹೋಗುತ್ತೆ. ಆಮೇಲೆ ಏನು ಓದ್ತೀಯಾ, ತಡಕಾಡಿಕೊಂಡು ಟೊಮೇಟೊ ಬೆಳೀತೀಯಾ?"

ಅತ್ತಿಗೆಯನ್ನು ಕರೆದೆ. ಅವರು ಅಳಲಿಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ರೀ, ನಡೀರಿ" ಎಂದರು. ಅತ್ತಿಗೆ ಅಳದೇ ಇದ್ದರೆ ಅಣ್ಣ ಹೆದರುತ್ತಾನೆ.

ಡಾಕ್ಟರು ರಕ್ತ ನೋಡಿದರು, ಅಣ್ಣನನ್ನು ನೋಡಿದರು, ಬೈದರು. ಹೊಟ್ಟೆಗೆ ಆಗದಿದ್ದರೆ ಬಂದು ಹೇಳಬೇಕಿತ್ತು, ಹೇಳದೆ ಕೇಳದೆ ಬಿಟ್ಟರೆ ಹೇಗೆ ಎಂದರು. ಮಾತ್ರೆ ಬದಲಿಸಿದರು: ಅದೇ ಔಷಧಿ, ಆದರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವುದು. ಮೊದಲು ಕಡಿಮೆ, ಹೊಟ್ಟೆ ಒಗ್ಗಿದ ಹಾಗೆ ನಾನೇ ಹೆಚ್ಚಿಸುತ್ತೇನೆ, ನೀವು ತಲೆ ಓಡಿಸಬೇಡಿ ಎಂದರು. ಆಮೇಲೆ ಪಕ್ಕದ ಕೋಣೆಗೆ ಕಳಿಸಿದರು.

ಪಕ್ಕದ ಕೋಣೆಯಲ್ಲಿ ಪಥ್ಯದ ಮೇಡಂ. ಚಿಕ್ಕ ಮೇಜು, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೇಬು, ಪ್ಲಾಸ್ಟಿಕ್ಕಿನ ಮೊಟ್ಟೆ. ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ತುಂಬ ಜನ.

"ಬೆಳಿಗ್ಗೆ ಏನು ತಿಂತೀರಿ?"

"ನಾನು ಕಂಠದ ಕೆಲಸದವನು ಮೇಡಂ."

"ಕೆಲಸ ಕೇಳಲಿಲ್ಲ. ತಿಂಡಿ ಕೇಳಿದೆ."

"ಕಾಫಿ."

"ಅದು ಕುಡಿಯೋದು. ತಿನ್ನೋದು?"

"ತಿಂದ್ರೆ ಉಸಿರು ಹಿಡಿಯೋಕಾಗಲ್ಲ. ನಮ್ಮ ಗುರುಗಳು ಹೇಳ್ತಿದ್ದರು..."

"ನಿಮ್ಮ ಗುರುಗಳಿಗೆ ಸಕ್ಕರೆ ಕಾಯಿಲೆ ಇತ್ತಾ?"

"ಇಲ್ಲ."

"ಹಾಗಾದ್ರೆ ಅವರು ಬೇಕಾದ್ರೆ ಹಸಿದಿರಲಿ."

"ಅವರು ತೀರಿಕೊಂಡ್ರು ಮೇಡಂ."

"ಸರಿ, ಅವರಿಗಿನ್ನು ಏನೂ ತೊಂದರೆ ಇಲ್ಲ. ನಿಮ್ಮ ವಿಷಯಕ್ಕೆ ಬರೋಣ." ಮೇಡಂ ಅವನ ಕೆನ್ನೆ ನೋಡಿದರು. "ಬಾಯಲ್ಲಿ ಏನದು?"

ಅಣ್ಣನ ಕೆನ್ನೆಯಲ್ಲಿ ಯಾವಾಗಲೂ ಒಂದು ಗಂಟಲು ಪೆಪ್ಪರಮಿಂಟು ಇರುತ್ತದೆ. ಓದುವವರ ಜೇಬಿನಲ್ಲೆಲ್ಲ ಇರುತ್ತದೆ, ಗಂಟಲು ಒಣಗಬಾರದಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಅವನು ಹಳೆಯದನ್ನು ಬಿಟ್ಟು, ಸಕ್ಕರೆಯಿಲ್ಲದ ದುಬಾರಿ ಪೆಪ್ಪರಮಿಂಟಿಗೆ ಬದಲಾಗಿದ್ದ. ಈ ಒಂದು ವಿಷಯದಲ್ಲಿ ತಾನು ಕಟ್ಟುನಿಟ್ಟು ಎಂದು ಅವನಿಗೆ ಹೆಮ್ಮೆ. ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲೆ ಪದಕದ ಹಾಗೆ ಇಟ್ಟ.

"ಸಕ್ಕರೆ ಒಂದು ಚೂರೂ ಇಲ್ಲ ಮೇಡಂ."

"ದಿನಕ್ಕೆ ಎಷ್ಟು?"

"ಒಂದು ಪೊಟ್ಟಣ. ದೊಡ್ಡ ಅಧ್ಯಾಯ ಇದ್ದರೆ ಎರಡು."

ಮೇಡಂ ಪೊಟ್ಟಣವನ್ನು ತಿರುಗಿಸಿ ಅವನ ಕೈಗೇ ಕೊಟ್ಟರು. "ಓದೋ ಕೆಲಸದವರು ಅಂದ್ರಲ್ಲ. ಓದಿ. ಹಿಂದೆ, ಕೆಳಗಿನ ಸಾಲು."

ಅಕ್ಷರ ಸಣ್ಣದಿತ್ತು. ಅಣ್ಣ ಕಣ್ಣು ಕಿರಿದು ಮಾಡಿ, ಪೊಟ್ಟಣವನ್ನು ದೂರ ಹಿಡಿದ. ಕೈಗೆ ಅಚ್ಚಾದ ಅಕ್ಷರ ಸಿಕ್ಕಿದರೆ ಅವನಿಗೆ ಒಂದೇ ರೀತಿ ಓದಲು ಬರುವುದು. ಎದೆ ತುಂಬ ಉಸಿರೆಳೆದುಕೊಂಡು, ಇಡೀ ದವಾಖಾನೆಗೆ ಕೇಳುವ ಹಾಗೆ, ಏರಿಳಿತ ಸಮೇತ ಓದಿದ:

"ಅತಿಯಾಗಿ ಸೇವಿಸಿದಲ್ಲಿ... ಭೇದಿ ಉಂಟಾಗಬಹುದು."

ಹೊರಗೆ ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಎಷ್ಟು ಚೆನ್ನಾಗಿ ಹೇಳಿದ್ರು ನೋಡಿ" ಎಂದರು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಜ್ಜಿಯ ಸಾವಿಗೂ ಅಣ್ಣ ಅಷ್ಟು ಭಾವ ಕೊಟ್ಟಿರಲಿಲ್ಲ.

"ಇದರಲ್ಲಿ ಸಕ್ಕರೆ ಬದಲು ಹಾಕಿರೋದು ಹೊಟ್ಟೇಲಿ ಪೂರ್ತಿ ಜೀರ್ಣ ಆಗಲ್ಲ. ನೀರು ಎಳ್ಕೊಳ್ಳುತ್ತೆ, ಗ್ಯಾಸ್ ಮಾಡುತ್ತೆ" ಎಂದರು ಮೇಡಂ. "ಮಾತ್ರೆಯೂ ಮೊದಮೊದಲು ಅದನ್ನೇ ಮಾಡುತ್ತೆ. ಒಂದೇ ಆಗಿದ್ರೆ ಹೊಟ್ಟೆ ಹೇಗೋ ತಡ್ಕೊಳ್ತಿತ್ತು. ನೀವು ಎರಡನ್ನೂ ಖಾಲಿ ಹೊಟ್ಟೆಗೆ ಬಿಟ್ಟು, ಮೇಲೆ ಕಪ್ಪು ಕಾಫಿ ಸುರಿದಿದ್ದೀರಿ. ಹೊಟ್ಟೆ ಇನ್ನೇನು ಮಾಡ್ಬೇಕಿತ್ತು, ಹಾಡ್ಬೇಕಿತ್ತಾ?"

ಹಸಿ ಎಲೆಕೋಸು, ಹೊಟ್ಟಿನ ವಿಷಯ ಅತ್ತಿಗೆಯೇ ಹೇಳಿದರು. ನಾರು ಒಳ್ಳೆಯದೇ, ಆದರೆ ನಿನ್ನೆಯವರೆಗೆ ತಿನ್ನದವರು ಇವತ್ತು ಒಂದು ಬೋಗುಣಿ ತಿಂದರೆ ಹೊಟ್ಟೆ ಉಬ್ಬದೆ ಏನಾಗುತ್ತದೆ ಎಂದರು ಮೇಡಂ. ಸ್ವಲ್ಪ ಸ್ವಲ್ಪ, ಬೇಯಿಸಿ, ವಾರ ವಾರ ಹೆಚ್ಚಿಸಿ. ಸದ್ಯಕ್ಕೆ ಕರಿದದ್ದು ಬೇಡ, ಖಾರ ಕಡಿಮೆ. ದಿನಕ್ಕೊಂದು ದೊಡ್ಡ ಊಟದ ಬದಲು ಸಣ್ಣ ಸಣ್ಣ ಊಟ. ಬೆಳಿಗ್ಗೆ ಓಟ್ಸ್ ಗಂಜಿಯೋ, ಬ್ರೆಡ್ಡು ಮೊಟ್ಟೆಯೋ, ಅರ್ಧ ತಿಂದ ಮೇಲೆ ಮಾತ್ರೆ, ಮಾತ್ರೆಯ ಮೇಲೆ ಇನ್ನರ್ಧ. ಗಂಟಲಿಗೆ ಪೆಪ್ಪರಮಿಂಟಿನ ಬದಲು ಉಗುರು ಬೆಚ್ಚಗಿನ ನೀರು, ಗುಟುಕು ಗುಟುಕಾಗಿ.

"ಯಾರು ಕೊಟ್ಟರು ಆ ಹೊಟ್ಟಿನ ಸಲಹೆ?"

"ನನ್ನ ತಮ್ಮ" ಎಂದರು ಅತ್ತಿಗೆ. "ಟೈಲ್ಸ್ ಅಂಗಡಿ ಇದೆ ಅವನಿಗೆ."

"ಬಚ್ಚಲುಮನೆದಾ?"

"ಹೂಂ."

"ವ್ಯಾಪಾರ ಗೊತ್ತಿರೋ ಮನುಷ್ಯ" ಎಂದರು ಮೇಡಂ.

ಮೊದಲ ದಿನ ಬೆಳಿಗ್ಗೆ ಓಟ್ಸ್ ಗಂಜಿಯ ಮುಂದೆ ಅಣ್ಣ ಕೂತ ಭಂಗಿ ನೋಡಬೇಕಿತ್ತು. ಗುರುವಿಗೆ ದ್ರೋಹ ಬಗೆಯುವವನ ಹಾಗೆ ಒಂದೊಂದು ಚಮಚಕ್ಕೂ ನಿಟ್ಟುಸಿರು. "ಇದು ಆಹಾರ ಅಲ್ಲ, ಗೋಡೆಗೆ ಹಚ್ಚೋದು" ಎಂದ. ಅತ್ತಿಗೆ, "ಹಚ್ಚೋದೇ ಆದ್ರೆ ಒಳಗಡೆ ಹಚ್ಚಿ" ಎಂದರು. ಅರ್ಧ ತಿಂದ, ಮಾತ್ರೆ ನುಂಗಿದ, ಇನ್ನರ್ಧ ತಿಂದ, ಕೈಗಡಿಯಾರ ನೋಡುತ್ತಾ ಸ್ವಲ್ಪ ಹೊತ್ತು ವರಾಂಡದಲ್ಲಿ ಅಡ್ಡಾಡಿದ, ಆಮೇಲೆ ಕೆಳಗೆ ಬಂದ. ತಿಂದರೆ ಉಸಿರು ಹಿಡಿಯಲಾಗುವುದಿಲ್ಲ ನೋಡು ಎಂದು ತೋರಿಸಲು ಬೇಕೆಂದೇ ಎರಡು ಸಲ ಏದುಸಿರು ಬಿಟ್ಟ. ನಾನು ಕೇಳದವಳ ಹಾಗೆ ಕೂತೆ. ಪ್ರೇಕ್ಷಕರು ಎದ್ದುಹೋದ ಮೇಲೆ ನಟ ಎಷ್ಟು ಹೊತ್ತು ನಟಿಸುತ್ತಾನೆ? ಓದತೊಡಗಿದ.

ಪವಾಡವೇನೂ ನಡೆಯಲಿಲ್ಲ. ಹೊಟ್ಟೆ ಅಲ್ಲೊಂದು ಇಲ್ಲೊಂದು ಗೊಣಗಿತು. ಮಧ್ಯೆ ಒಂದು ದಿನ ಅತ್ತಿಗೆಯೇ ಮನಸ್ಸು ಕರಗಿ, "ಪಾಪ, ಒಂದೇ ಒಂದು" ಎಂದು ಕರಿದದ್ದನ್ನು ತಟ್ಟೆಗೆ ಹಾಕಿದರು. ಒಂದೇ ಒಂದು ಏಳಾಗಿ, ಮರುದಿನ ಎರಡೂ ಬಾಗಿಲುಗಳ ಹಿಡಿ ಕಿತ್ತುಬರುವ ಹಾಗೆ ಓಡಿದ. ಅದಾದ ಮೇಲೆ ಬಾಣಲೆ ಅಟ್ಟಕ್ಕೆ ಹೋಯಿತು. ಡಾಕ್ಟರು ಮಾತ್ರೆಯನ್ನು ಒಂದು ಮೆಟ್ಟಿಲು ಏರಿಸಿದಾಗ ಎರಡು ದಿನ ವಾಕರಿಕೆ ಬಂತು, ಹೋಯಿತು. ದಿನ ಕಳೆದ ಹಾಗೆ ನನ್ನ ಹೆಡ್‌ಫೋನಿನಲ್ಲಿ ಕಾದಂಬರಿ ಬಿಟ್ಟು ಬೇರೇನೂ ಕೇಳಿಸದಾಯಿತು. ಪ್ರಿಂಟ್ ಕೂಡ ತಾನಾಗಿಯೇ ಸರಿಹೋಯಿತು.

ಪಥ್ಯಭೂಷಣ ಬಂದ. "ನೋಡಿದ್ರಾ ಭಾವ? ಕೊನೆಗೂ ನಾರೇ."

ಅಣ್ಣ ಅವನಿಗೊಂದು ಪೊಟ್ಟಣ ಪೆಪ್ಪರಮಿಂಟು ಉಡುಗೊರೆ ಕೊಟ್ಟ. ಎಲ್ಲವನ್ನೂ ತಿನ್ನು ಎಂದು ಬಹಳ ಪ್ರೀತಿಯಿಂದ ಹೇಳಿದ.

ಉಳಿದ ಅಧ್ಯಾಯಗಳು ಮುಗಿದವು. ಪ್ರಕಾಶಕರು ತಾವೇ ಬಂದರು. ನನ್ನ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದರು. ಗಾಜಿನ ಆಚೆ ಅಣ್ಣ ಪರೀಕ್ಷೆ ಬರೆದ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ. ಬಹಳ ಹೊತ್ತಾದ ಮೇಲೆ ಅವರು ಕಣ್ಣು ತೆರೆದರು.

"ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಆದರೆ ಮೇಡಂ... ಮೊದಲ ಅರ್ಧ ಓದಿದವರು ಯಾರು?"

ನನಗೂ ಅದು ಗೊತ್ತಿತ್ತು. ಹೇಳಲು ಧೈರ್ಯ ಬಂದಿರಲಿಲ್ಲ. ಮೊದಲರ್ಧದ ದನಿ ಒಣಗಿ, ತೆಳುವಾಗಿ, ಮುಂದಕ್ಕೆ ಬಾಗಿ ಓಡುತ್ತದೆ. ಈಗಿನ ದನಿ ಕಾಲೂರಿ ನಿಲ್ಲುತ್ತದೆ. ಗಿಡುಗವನ್ನೂ ಎಮ್ಮೆಯನ್ನೂ ಒಂದೇ ಗಾಡಿಗೆ ಕಟ್ಟಿದ ಹಾಗಿತ್ತು. ಎಷ್ಟು ತಿದ್ದಿದರೂ ಒಂದೇ ಮನುಷ್ಯನೆಂದು ಯಾರೂ ನಂಬುವಂತಿರಲಿಲ್ಲ. ಹಸಿವು, ಮಾತ್ರೆ, ಗಂಜಿಯ ಕಥೆಯನ್ನೆಲ್ಲ ಅವರಿಗೆ ಹೇಳಿದೆ.

ಪ್ರಕಾಶಕರು ಬಹಳ ಮರ್ಯಾದೆಯಿಂದ ಅಣ್ಣನಿಗೆ ಹೇಳಿದರು: "ಸಾರ್, ಮೊದಲರ್ಧದ ಸದ್ದು ಇರೋ ಜಾಗ ಅಷ್ಟು ಮತ್ತೆ ಓದಿ. ಈ ಎರಡನೇ ಅರ್ಧ ಇದೆಯಲ್ಲ, ಇದನ್ನ ಮಾತ್ರ ಮೊದಲಿನ ಹಾಗೇ ಓದಿಕೊಡಿ. ಅಂದ್ರೆ, ಆಗ ಹೇಗೆ ಇದ್ರೋ ಹಾಗೆ. ನಾಲ್ಕು ದಿನ ತಿಂಡಿ ತಿನ್ನಬೇಡಿ, ಅಷ್ಟೇ. ಮಾತ್ರೇನೂ ನಾಲ್ಕು ದಿನ ಬಿಟ್ಟರೆ ಏನಾಗುತ್ತೆ? ಆ ಹಸಿವಿನಲ್ಲಿ ಒಂದು ಕಳೆ ಇತ್ತು ನೋಡಿ."

ಊಟ ಮುಗಿಸಿ ಬಂದಿದ್ದರು ಅವರು. ಹಲ್ಲಿನ ಸಂದಿಯನ್ನು ನಾಲಗೆಯಿಂದ ತಡಕುತ್ತಲೇ ಹೇಳಿದರು. ನನ್ನ ನಾಲಗೆಯ ತುದಿಗೆ ಬಂದದ್ದನ್ನು ಹೇಳಿದ್ದರೆ ಆ ಪುಸ್ತಕವಲ್ಲ, ಇನ್ನು ಯಾವ ಪುಸ್ತಕವೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಅಣ್ಣ ಒಪ್ಪಿಬಿಡುತ್ತಾನೆ ಎಂದು ನನಗೆ ಹೆದರಿಕೆ. ಕಳೆ ಎಂಬ ಮಾತು ಕಿವಿಗೆ ಬಿದ್ದರೆ ಅವನು ಬಾವಿಗೂ ಹಾರುವ ಪ್ರಾಣಿ.

"ಹಾಕೇ ಆ ಅಜ್ಜಿ ಅಧ್ಯಾಯ" ಎಂದ ಅಣ್ಣ, ಈ ಕಡೆಗೆ ಬಂದು.

ಹಾಕಿದೆ. ಮೂವರೂ ಕೇಳಿದೆವು. ಗುಡುಗಿಲ್ಲದ ಜಾಗವನ್ನೇ ಹಾಕಿದ್ದೆ. ಅಜ್ಜಿ ಮಾತಾಡಿದಳು, ಮೊಮ್ಮಗಳು ಮಾತಾಡಿದಳು, ಅಜ್ಜಿ ಕಣ್ಣು ಮುಚ್ಚಿದಳು. ಅಣ್ಣನ ಮುಖ ಗಂಟಾಯಿತು. ಇಷ್ಟು ವರ್ಷದಲ್ಲಿ ತನ್ನ ದನಿ ಕೇಳುವಾಗ ಅವನ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ.

"ಈ ಮುದುಕಿಗೆ ಸಾಯೋಕೆ ಇಷ್ಟು ಅವಸರ ಯಾಕೆ?"

"ನಿನಗೆ ಊಟಕ್ಕೆ ಹೋಗ್ಬೇಕಿತ್ತಲ್ಲ" ಎಂದೆ.

ಅವನು ನಗಲಿಲ್ಲ. ಇನ್ನೊಂದು ಅಧ್ಯಾಯ ಹಾಕಿಸಿದ. ಅಲ್ಲಿ ಮದುವೆಯ ಹೆಣ್ಣು ಅವಸರದಲ್ಲಿದ್ದಳು. ಇನ್ನೊಂದರಲ್ಲಿ ಜಡ್ಜಿಗೂ ಅವಸರ. ಇಡೀ ಮನೆತನವೇ ಯಾವುದೋ ಪಂಕ್ತಿ ಊಟಕ್ಕೆ ತಡವಾದವರ ಹಾಗೆ ಹುಟ್ಟಿ, ಬೆಳೆದು, ಸಾಯುತ್ತಿತ್ತು.

"ಇದನ್ನ ಕಳೆ ಅಂತೀರಾ ಸಾರ್?" ಎಂದ ಪ್ರಕಾಶಕರಿಗೆ. ಎದೆಯಿಂದ ತೆಗೆದ ದನಿಯಲ್ಲ, ಮನೆಯಲ್ಲಿ ಉಪ್ಪು ಕೇಳುವ ದನಿ. "ಹಸಿದು ಓದಲ್ಲ ನಾನು. ಮೊದಲಿಂದ ಮತ್ತೆ ಓದ್ತೀನಿ, ಪೂರ್ತಿ. ಅದಕ್ಕೆ ನೀವೇನೂ ಕೊಡೋದು ಬೇಡ. ಬೇಡ ಅಂದ್ರೆ ಆ ಹೊಸ ಹುಡುಗನಿಗೆ ಕೊಡಿ. ಅವನು ಚೆನ್ನಾಗಿ ಉಣ್ಣೋ ಹಾಗೆ ಕಾಣ್ತಾನೆ."

ಪ್ರಕಾಶಕರು ನನ್ನನ್ನು ನೋಡಿದರು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಮತ್ತೆ ಅಷ್ಟೂ ಅಧ್ಯಾಯ ಕೂತು ಕತ್ತರಿಸುವವಳು ನಾನು, ನನ್ನನ್ನು ಒಂದು ಮಾತು ಕೇಳದೆ ನನ್ನ ತಿಂಗಳನ್ನೆಲ್ಲ ದಾನ ಮಾಡಿಬಿಟ್ಟಿದ್ದ ದಾನಶೂರ. ಪ್ರಕಾಶಕರು ಬೆರಳಲ್ಲಿ ಮೇಜನ್ನು ತಟ್ಟಿದರು, ಅಜ್ಜಿಯ ಅಧ್ಯಾಯವನ್ನು ಇನ್ನೊಂದು ಸಲ ಹಾಕಿಸಿ ಕೇಳಿದರು, ಆಮೇಲೆ ಕೊನೆಯ ಅಧ್ಯಾಯವನ್ನು ಕೇಳಿದರು.

"ಬೇಗ ಮುಗಿಸಿ" ಎಂದರು ಎದ್ದು.

"ಬೇಗ ಆಗಲ್ಲ ಸಾರ್" ಎಂದ ಅಣ್ಣ. "ತಿಂಡಿ ಆಗ್ಬೇಕು, ಮಾತ್ರೆ ಆಗ್ಬೇಕು, ಸ್ವಲ್ಪ ಅಡ್ಡಾಡ್ಬೇಕು."

ಪ್ರಕಾಶಕರು ಬಾಗಿಲು ಎಳೆದರು, ಬರಲಿಲ್ಲ, ಮತ್ತೆ ಎಳೆದರು. ಎರಡನೆಯ ಬಾಗಿಲಿನವರೆಗೂ ಮರ್ಯಾದೆ ಕಾಪಾಡಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಅವನು ಬಾಯಿ ಒರೆಸಿಕೊಳ್ಳುತ್ತಾ ಬಂದು ಕುರ್ಚಿಯಲ್ಲಿ ಕೂತ. ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದ. ಮೀಸೆಯ ಮೇಲೆ ಒಂದು ಚೂರು ಓಟ್ಸ್ ಅಂಟಿತ್ತು. ಹೇಳಲಿಲ್ಲ ನಾನು, ಮೈಕಿಗೆ ಕಣ್ಣಿಲ್ಲ. ಯಂತ್ರ ಒತ್ತಿದೆ. ಇಡೀ ತಿಂಗಳ ಸಿಟ್ಟನ್ನೆಲ್ಲ ಕಿವಿಗೆ ತಂದುಕೊಂಡು, ಎಲ್ಲಿ ತಪ್ಪು ಮಾಡುತ್ತಾನೋ ಹಿಡಿದು ಬೈಯೋಣವೆಂದು ಕಾದು ಕೂತೆ.

ಒಂದು ಪುಟ ಓದಿದ. ಇನ್ನೊಂದು ಓದಿದ. ಅಜ್ಜಿ ಇನ್ನೂ ಹುಡುಗಿ, ನಿಧಾನವಾಗಿ ನಡೆದುಕೊಂಡು ಬಂದು ಬಾವಿಯ ಕಟ್ಟೆಯ ಮೇಲೆ ಕೂತಳು. ಬೈಯಲು ಏನೂ ಸಿಗಲಿಲ್ಲ.

"ಏನೇ, ಸುಮ್ನೆ ಕೂತಿದ್ದೀಯಾ? ಸರಿ ಬರ್ತಿದೆಯಾ?" ಎಂದು ಕೇಳಿದ.

"ಮುಂದಕ್ಕೆ ಓದು" ಎಂದೆ.